ಟಗರಿನ ಕೊಂಬಿನ ಎತ್ತು

ಕುರಿ ಸಾಕುವ ಮನೆತನದ ಮರಿಲಿಂಗಪ್ಪ, ಹುಣಸಗಿಯ ತನ್ನ ಹೊಲಕ್ಕೆ ಕಾಲುವೆ ನೀರು ಬಂದ ವರ್ಷ ಕುರಿ ಮಾರಿ ಜೋಡೆತ್ತು ಕೊಂಡ. ಅಂದಿನಿಂದ ಮಣ್ಣೆತ್ತಿನ ಅಮಾವಾಸ್ಯೆಗೆ ಕಾಲುವೆಯ ಜಿಗುಟು ಮಣ್ಣು ತಂದು, ಪೂಜೆಯ ಎತ್ತುಗಳನ್ನು ತಾನೇ ಮಾಡುವ ಹುಚ್ಚು ಹಿಡಿಯಿತು. ಆದರೆ ಅವನ ಬೆರಳಿಗೆ ಗೊತ್ತಿದ್ದದ್ದು ಕುರಿಯೊಂದೇ. ಎಷ್ಟು ತಿದ್ದಿದರೂ ಕೊಂಬು ಸುರುಳಿ ಸುತ್ತಿ ಎತ್ತು ಟಗರಾಗುತ್ತಿತ್ತು. ಹೆಂಡತಿ ದೇವಕಮ್ಮ ಆರತಿ ಎತ್ತುವಾಗ ಮಗಳು ಕರೆಮ್ಮ ಮೆಲ್ಲಗೆ "ಬ್ಯಾ" ಅನ್ನುತ್ತಿದ್ದಳು. ನಗು ತಡೆಯಲಾಗದೆ ದೇವಕಮ್ಮನ ಕೈಯ ತಟ್ಟೆ ಅಲುಗಾಡುತ್ತಿತ್ತು.

ಐದನೆಯ ವರ್ಷ ಮರಿಲಿಂಗಪ್ಪನಿಗೆ ರೇಗಿತು. ಮೂರು ದಿನ ಕೊಟ್ಟಿಗೆಯಲ್ಲಿ ತನ್ನ ಎತ್ತುಗಳೆದುರು ಕೂತು, ನೋಡಿ ನೋಡಿ ಮಣ್ಣು ತಿದ್ದಿದ. ಹೆಗಲ ಮೇಲೆ ಉಬ್ಬಿದ ಇಣಿ, ಕತ್ತಿನಡಿ ಜೋಲುವ ಗಂಗೆದೊಗಲು, ನೆಟ್ಟಗಿನ ಕೊಂಬು, ಎಲ್ಲವೂ ಸರಿಯಾಗಿ ಬಂದವು.

"ಥೇಟ್ ಎತ್ತೇ ಆಗ್ಯಾವ್ರಿ," ಎಂದಳು ದೇವಕಮ್ಮ. ತಟ್ಟೆ ಅಲುಗಲಿಲ್ಲ. ಕರೆಮ್ಮ ಕೈಮುಗಿದು ಹೊರಗೆ ಹೋದಳು. ಪೂಜೆ ಬೇಗ ಮುಗಿಯಿತು.

ಮರುವರ್ಷವೂ ಎತ್ತುಗಳು ಅಷ್ಟೇ ಚಂದವಾದವು. ದೇವರ ಜಗಲಿಯ ಮೇಲಿಡುವ ಮೊದಲು ಮರಿಲಿಂಗಪ್ಪ ಹೆಬ್ಬೆರಳಿನಿಂದ ಒಂದೊಂದೇ ಕೊಂಬನ್ನು ಸುರುಳಿ ಸುತ್ತಿದ. ದೇವಕಮ್ಮ ಆರತಿ ಎತ್ತಿದಳು. ಕರೆಮ್ಮ ಸುಮ್ಮನೆ ನಿಂತಿದ್ದಳು.

"ಬ್ಯಾ," ಎಂದ ಮರಿಲಿಂಗಪ್ಪ.