ಅವಳಿ ಕಡಸು

ಕೆರಗೋಡಿನಲ್ಲಿ ನಮ್ಮ ಪಕ್ಕದ ಮನೆಯಾಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ಅದ್ರ ಟೈಮಿಗೆ ಅದು ಬತ್ತದೆ ಬುಡು" ಅನ್ನುತ್ತಿದ್ದರು. ಕರೆಂಟು ಹೋದರೂ ಅದೇ ಮಾತು, ಬಸ್ಸು ತಡವಾದರೂ ಅದೇ. ಅವರಿಗೆ ಮಕ್ಕಳಿರಲಿಲ್ಲ. ಅತ್ತೆ ಸಾಯುವ ತನಕ "ಬಂಜೆ" ಎಂದು ಕೂಗುತ್ತಿದ್ದದ್ದು ಬೀದಿಗೆಲ್ಲ ಕೇಳಿಸುತ್ತಿತ್ತು.

ಒಮ್ಮೆ ಅವರ ಹಸು ಅವಳಿ ಕರು ಹಾಕಿತು, ಒಂದು ಗಂಡು, ಒಂದು ಹೆಣ್ಣು. ಮನೆಮನೆಗೂ ಗಿಣ್ಣು ಕೊಟ್ಟರು. ಎಲ್ಲರೂ ಮಾಡುವಂತೆ ಗಂಡುಕರುವನ್ನು ಮಾರಿ ಹೆಣ್ಣನ್ನು ಉಳಿಸಿಕೊಂಡರು. ಅದು ಬೆಳೆದು ಕಡಸಾದರೂ ಬೆದೆಗೆ ಬರಲಿಲ್ಲ. ದಿನಾ ಡೇರಿಗೆ ಹಾಲು ಹಾಕಿ ಬಂದವರೇ ಬೆದೆಯ ಗುರುತಿದೆಯೇ ಎಂದು ಅದರ ಬಾಲ ಎತ್ತಿ ನೋಡುವರು. ಮತ್ತೆ ಅದೇ ಮಾತು.

ಕೊನೆಗೆ ದನದ ಡಾಕ್ಟರು ಬಂದು ಪರೀಕ್ಷಿಸಿ, ಕೈ ತೊಳೆಯುತ್ತ ಹೇಳಿದರು: "ಇದು ಗಬ್ಬ ಕಟ್ಟಲ್ಲ ಕಣಮ್ಮ. ಹೊಟ್ಟೇಲಿದ್ದಾಗ ಜೊತೆಗಿದ್ದ ಗಂಡುಕರುವಿನ ರಕ್ತ ಇದಕ್ಕೂ ಹರಿದಿದೆ. ಅದರಲ್ಲಿದ್ದ ಗಂಡು ಹಾರ್ಮೋನು ಗರ್ಭಕೋಶ ಬೆಳೆಯೋಕೆ ಬಿಟ್ಟಿಲ್ಲ. ಬೆದೆಗೆ ತರೋ ಮಿದುಳಿನ ಭಾಗಾನೂ ಬದಲಾಯಿಸಿಬಿಟ್ಟಿರುತ್ತೆ. ಹುಟ್ಟೋಕೆ ಮುಂಚೇನೇ ಆಗಿಹೋಗಿದ್ದು, ಇಂಜೆಕ್ಷನ್ನಿಗೆ ಸರಿಹೋಗಲ್ಲ."

ಆಕೆ ಕಡಸಿನ ಕೊರಳು ಸವರಿದರು.

"ಅಂಗಾರೆ ಇದ್ರದೇನೂ ತಪ್ಪಿಲ್ವಾ ಸಾ?"

"ಇದರದೇನಮ್ಮ ತಪ್ಪು?"

ಆಕೆ ಸೆರಗಿಗೆ ಕೈ ಒರೆಸಿಕೊಂಡರು. ಪಕ್ಕದಲ್ಲೇ ನಿಂತಿದ್ದ ನಾನು ಆ ಹಳೆಯ ಮಾತಿಗೆ ಕಾದೆ. ಅದು ಬರಲಿಲ್ಲ.

"ನಮ್ಮತ್ತೆ ಇದ್ದಾಗ ನೀವೊಂದ್ಸಲ ನಮ್ಮನೆಗೆ ಬರಬೇಕಿತ್ತು ಸಾ" ಅಂದರು.