ಅಳಿಯನ ಪಟ್ಟಿ, ಅತ್ತೆಯ ಸರೋವರ

ಕಾರಿನ ತಪಾಸಣೆಗೆ ತಾರೀಖು ಬಂದಿತ್ತು. ಈ ದೇಶದಲ್ಲಿ ಹಳೆಯ ಕಾರು ವರ್ಷಕ್ಕೊಮ್ಮೆ ಪರೀಕ್ಷೆಗೆ ಕೂರಬೇಕು. ಕರೆದುಕೊಂಡು ಹೋಗುವ ಮುಂಚೆ ಒಳಗಿನದ್ದೆಲ್ಲ ಖಾಲಿ ಮಾಡಿ ಚೊಕ್ಕಟವಾಗಿಡಬೇಕು. ಮೊನ್ನೆ ಶನಿವಾರ ಹಾಗೆ ಖಾಲಿ ಮಾಡುತ್ತಿದ್ದಾಗ ಮುಂದಿನ ಸೀಟಿನ ಎದುರಿಗಿರುವ ಗೂಡಿನ ತೀರ ಒಳಮೂಲೆಯಲ್ಲಿ, ಹಿಂದಿನ ಸಲಗಳಲ್ಲಿ ಕೈ ಹೋಗದಿದ್ದ ಕಡೆ, ಕೈಗೆ ಏನೋ ಜಿಡ್ಡು ಹತ್ತಿತು. ಮೂಸಿದರೆ ನಿಂಬೆಹುಲ್ಲಿನ ವಾಸನೆ. ಸೊಳ್ಳೆಗಿಂತ ಚಿಕ್ಕದಾದರೂ ಸೊಳ್ಳೆಗಿಂತ ದುಷ್ಟವಾದ ಇಲ್ಲಿನ ನುಸಿ ಹತ್ತಿರ ಸುಳಿಯದಿರಲೆಂದು ಮೈಗೆ ಹಚ್ಚಿಕೊಳ್ಳುವ ಎಣ್ಣೆ. ಬಾಟಲಿ ಒಂದಲ್ಲ, ನಾಲ್ಕಿದ್ದವು. ಒಂದೇ ಬಾಟಲಿಯಿಂದ ನಾಲ್ಕು ಜನ ಹಚ್ಚಿಕೊಳ್ಳಲು ಆಗುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಆಗುತ್ತಿತ್ತು. ಆದರೆ ಪಟ್ಟಿಯಲ್ಲಿ ತಲೆಗೊಂದು ಎಂದಿತ್ತು. ಪಟ್ಟಿ ಮಾಡಿದವನು ನಾನು.

ನನ್ನ ಕಸುಬನ್ನು ಹೇಳಿಬಿಟ್ಟರೆ ನಿಮಗೆ ಅರ್ಧ ಅರ್ಥವಾಗುತ್ತದೆ. ಐರ್ಲೆಂಡಿನ ಗಾಲ್ವೇ ಊರಿನ ಒಂದು ಕಂಪನಿಯಲ್ಲಿ, ಹೃದಯದ ರಕ್ತನಾಳದೊಳಗೆ ಕೂರಿಸುವ ಸಣ್ಣ ಜಾಲರಿಗಳ ಗುಣಮಟ್ಟ ನೋಡುವವನು ನಾನು. ಕೆಟ್ಟದ್ದು ಏನೇನಾಗಬಹುದು, ಆಗದಂತೆ ಏನು ಮಾಡಬೇಕು, ಅದಕ್ಕೆ ಯಾರು ಹೊಣೆ ಎಂದು ಮುಂಚೆಯೇ ಪಟ್ಟಿ ಹಾಕುವುದಕ್ಕೆ ನನಗೆ ಸಂಬಳ. ಹೃದಯದ ವಿಷಯದಲ್ಲಿ ಇದು ಒಳ್ಳೆಯ ಗುಣ. ಮನೆಯಲ್ಲಿ ಇದೊಂದು ಕಾಯಿಲೆ ಎಂದು ನನ್ನ ಹೆಂಡತಿ ಸುಮಾ ಹೇಳುತ್ತಾಳೆ. ಅವಳು ಡಾಕ್ಟರು, ಆದ್ದರಿಂದ ನಾನು ವಾದಿಸುವುದಿಲ್ಲ.

ಮೂರು ವರ್ಷದ ಹಿಂದಿನ ಆ ಬೇಸಿಗೆಯಲ್ಲಿ ಸುಮಾಳ ಅಮ್ಮ ಮೈಸೂರಿನಿಂದ ಬಂದಿದ್ದರು. ಅವರು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಅದು ಅವರ ಮೂರನೆಯ ಭೇಟಿ. ಮೊದಲ ಸಲ ಬಂದದ್ದು ಮಗಳ ಬಾಣಂತನಕ್ಕೆ. ಎರಡನೆಯ ಸಲ ಬಂದದ್ದು ಸುಮಾ ಆಸ್ಪತ್ರೆಯ ಡ್ಯೂಟಿಗೆ ಮರಳಿದಾಗ, ಕೂಸನ್ನು ನೋಡಿಕೊಳ್ಳಲು. ಈ ಸಲ ನಮ್ಮ ಮಗಳು ಇಂಚರಳ ಸ್ಕೂಲಿಗೆ ಎರಡು ತಿಂಗಳು ರಜ, ನಮಗಿಬ್ಬರಿಗೂ ರಜ ಇಲ್ಲ. ಹೀಗೆ ಪ್ರತಿ ಸಲವೂ ನಾವು ‘ಬನ್ನಿ, ಐರ್ಲೆಂಡ್ ನೋಡಿ’ ಎಂದು ಕರೆದು, ಬಂದವರ ಕೈಗೆ ಸೌಟು ಕೊಟ್ಟಿದ್ದೆವು.

‘ಅಮ್ಮ ಇಲ್ಲಿ ನೋಡಿರೋದು ಆಸ್ಪತ್ರೆ ಗೇಟು, ವಾಷಿಂಗ್ ಮೆಷೀನು, ಎರಡೇ,’ ಎಂದಳು ಸುಮಾ ಒಂದು ದಿನ. ‘ಮಂಡಿ ಬೇರೆ ಹೋಗಿದೆ. ಇನ್ನೊಂದ್ಸಲ ಬರ್ತಾರೋ ಇಲ್ವೋ. ಆಗಸ್ಟ್ ಕೊನೇ ವಾರ ನಂಗೆ ಲೀವ್ ಸಿಕ್ಕಿದೆ. ಎಲ್ಲಾದ್ರೂ ಕೆರೆ ಪಕ್ಕ ಒಂದು ವಾರ ಸುಮ್ನೆ ಕೂತ್ಕೊಳ್ಳೋ ಹಾಗೆ ಒಂದು ಜಾಗ ನೋಡು.’

ಸುಮ್ಮನೆ ಕೂರುವುದಕ್ಕೆ ನಾನು ಹನ್ನೊಂದು ಪುಟದ ಪಟ್ಟಿ ಮಾಡಿದೆ. ಉತ್ತರದ ಸರೋವರಗಳ ಸೀಮೆಯಲ್ಲಿ ಮನೆ ಹುಡುಕಿದೆ. ನನ್ನ ಷರತ್ತುಗಳು ಹಲವಾರು. ಮೆಟ್ಟಿಲು ಇರಬಾರದು, ಅತ್ತೆಯ ಮಂಡಿ. ಅಡುಗೆಮನೆಯ ಕಿಟಕಿ ನಿಜವಾಗಿಯೂ ತೆರೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಒಗ್ಗರಣೆ ಹಾಕಿದರೆ ಹೊಗೆಯ ಅಲಾರಂ ಕೂಗಬಾರದು. ಒಲೆಯಿಂದ ಅಲಾರಮ್ಮಿಗೆ ಎಷ್ಟು ಅಡಿ ಎಂದು ಆರು ಮನೆಗಳ ಮಾಲೀಕರಿಗೆ ಬರೆದೆ. ಐದು ಜನ ಉತ್ತರಿಸಲಿಲ್ಲ. ಆರನೆಯಾಕೆ ಪುಣ್ಯಾತ್ಗಿತ್ತಿ, ಟೇಪು ಹಿಡಿದು ಅಳೆದು ಹೇಳಿದಳು. ಮನೆಯೆದುರೇ ನೀರು, ದೋಣಿ ಕಟ್ಟುವ ಕಟ್ಟೆ. ಇಲ್ಲಿ ನಡೆಯುವುದು ಯೂರೋ, ಬಾಡಿಗೆಯನ್ನು ಮಾತ್ರ ಪೌಂಡಿನಲ್ಲಿ ತೋರಿಸುತ್ತಿತ್ತು. ಅದು ವೆಬ್‌ಸೈಟಿನ ದೋಷವೆಂದು ತೀರ್ಮಾನಿಸಿ, ಅವರಿಗೆ ಒಂದು ದೂರನ್ನೂ ಬರೆದು ಹಾಕಿದೆ. ಗುಣಮಟ್ಟದವನಲ್ಲವೇ!

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿಯನ್ನು ಹೇಳಬೇಕು. ಅತ್ತೆ ನನ್ನೊಂದಿಗೆ ನೇರವಾಗಿ ಮಾತಾಡುತ್ತಿರಲಿಲ್ಲ. ಜಗಳವೇನೂ ಅಲ್ಲ, ಮರ್ಯಾದೆ. ಅವರ ಅಮ್ಮನೂ ಅಳಿಯನೊಡನೆ ಹಾಗೆಯೇ ನಡೆದುಕೊಂಡಿದ್ದರಂತೆ. ನಾನು ಎದುರಿಗೇ ಕೂತಿದ್ದರೂ ‘ಅವರಿಗೆ ಇನ್ನೊಂದು ದೋಸೆ ಬೇಕಾ ಕೇಳು’ ಎಂದು ಸುಮಾಳಿಗೆ ಹೇಳುವುದು. ನಾನು ‘ಸಾಕು ಅಂತ ಹೇಳು’ ಎನ್ನುವುದು. ಸುಮಾ ಆಸ್ಪತ್ರೆಗೆ ಹೋದರೆ ಆ ಕೆಲಸ ಇಂಚರಳಿಗೆ. ಅವಳಿಗೆ ಕನ್ನಡ ಚೆನ್ನಾಗಿ ತಿಳಿಯುತ್ತದೆ, ಬಾಯಿಗೆ ಬರುವುದು ಗಾಲ್ವೇಯ ಇಂಗ್ಲಿಷು. ಹೀಗಾಗಿ ಅತ್ತೆಯ ಮೈಸೂರಿನ ಪ್ರಶ್ನೆ ಐರಿಷ್ ರಾಗ ಹಚ್ಚಿಕೊಂಡು ನನ್ನನ್ನು ತಲುಪುತ್ತಿತ್ತು.

ಹೊರಡಲು ಐದು ದಿನವಿದ್ದಾಗ ಪಟ್ಟಿಯ ಪ್ರತಿಯೊಂದನ್ನು ಅತ್ತೆಯ ಕಾಫಿಲೋಟದ ಪಕ್ಕ ಇಟ್ಟೆ. ಮೂವತ್ತೊಂದು ವರ್ಷ ಶಾಲೆಯ ಪ್ರವಾಸಗಳನ್ನು ನಡೆಸಿದವರು. ಮೆಚ್ಚಲಿ ಎಂಬ ಆಸೆ. ಅವರು ಕನ್ನಡಕ ಏರಿಸಿ, ಇಂಚರಳ ಕೆಂಪು ಪೆನ್ಸಿಲ್ ತೆಗೆದುಕೊಂಡು, ಹನ್ನೊಂದೂ ಪುಟ ಓದಿದರು. ಹತ್ತನೆಯ ಪುಟದಲ್ಲಿ ಏನಕ್ಕೋ ಸುತ್ತು ಹಾಕಿದರು.

‘ಇಂಚರಾ, ನಿಮ್ಮಪ್ಪನ್ನ ಕೇಳು. ಪಕ್ಕದ ಮನೆ ನಾಯಿ ಬೊಗಳಿದ್ರೆ ಏನ್ಮಾಡ್ಬೇಕು ಅಂತ ಬರ್ದಿದ್ದಾರೆ. ಬೇರೆ ದೇಶಕ್ಕೆ ಹೋಗ್ತಿದ್ದೀವಿ ಅಂತ ಎಲ್ಲೂ ಬರ್ದಿಲ್ವಲ್ಲ?’

‘ಡ್ಯಾಡಿ,’ ಎಂದಳು ಇಂಚರ, ‘ವಿಚ್ ಕಂಟ್ರಿ ಈಸ್ ದಿಸ್ ಹೌಸ್ ಇನ್?’

ನೋಡಿದೆ. ಅವರು ಸುತ್ತು ಹಾಕಿದ್ದ ವಿಳಾಸದ ಕೊನೆಯ ಸಾಲಿನಲ್ಲಿ ಸ್ಪಷ್ಟವಾಗಿತ್ತು. ಆ ಸರೋವರದ ನಡುವೆ ಗಡಿ ಹಾದುಹೋಗುತ್ತದೆ. ದಕ್ಷಿಣದ ದಡ ನಮ್ಮ ಐರ್ಲೆಂಡು. ಉತ್ತರದ ದಡ, ನಾನು ಅಲಾರಂ ಅಳೆಸಿದ್ದ ದಡ, ಬ್ರಿಟನ್ನಿಗೆ ಸೇರಿದ್ದು. ಬೇಲಿಯಿಲ್ಲ, ಗೇಟಿಲ್ಲ, ಪೊಲೀಸರಿಲ್ಲ. ಭಾರತದ ಪಾಸ್‌ಪೋರ್ಟಿನವನಿಗೆ ಮಾತ್ರ ಬೇರೆ ವೀಸಾ ಬೇಕು.

ಪಾಸ್‌ಪೋರ್ಟುಗಳನ್ನೆಲ್ಲ ಊಟದ ಮೇಜಿನ ಮೇಲೆ ಹರಡಿದೆವು. ಇಂಚರ ಇಲ್ಲೇ ಹುಟ್ಟಿದವಳು, ಐರಿಷ್ ಪಾಸ್‌ಪೋರ್ಟು. ಸುಮಾ ಎರಡು ವರ್ಷದ ಹಿಂದೆಯೇ ಅರ್ಜಿ ಹಾಕಿ ಇಲ್ಲಿಯ ಪ್ರಜೆಯಾಗಿದ್ದಳು. ಅವಳ ಅರ್ಜಿಯ ಮೇಲೆ ಕಾಫಿಯ ಕಲೆಯಿತ್ತು, ಆದರೂ ಪಾಸಾಯಿತು. ಅತ್ತೆಯದು ಭಾರತದಲ್ಲಿ ಕೊಟ್ಟ ಪ್ರವಾಸದ ವೀಸಾ. ಅದರ ಮೇಲೆ ಎರಡೂ ದೇಶಕ್ಕೆ ನಡೆಯುತ್ತದೆ ಎಂಬ ಮುದ್ರೆಯಿತ್ತು. ಹತ್ತು ವರ್ಷದಿಂದ ಇಲ್ಲಿ ದುಡಿಯುತ್ತಿರುವ ನನ್ನದಕ್ಕೆ ಮಾತ್ರ ಏನೂ ಇಲ್ಲ. ಪೌರತ್ವದ ಅರ್ಜಿ ಒಂದೂ ತಪ್ಪಿಲ್ಲದೆ ಇರಬೇಕೆಂದು ಎರಡು ವರ್ಷದಿಂದ ತಿದ್ದುತ್ತ ಕೂತಿದ್ದೆ. ಈಗ ಮದುವೆ ಗಂಡನ್ನು ಬಿಟ್ಟು ದಿಬ್ಬಣ ಹೊರಟಂತಾಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಅತ್ತೆಯೆದುರು ನನ್ನ ಮಾನ ವಿಳಾಸದ ಒಂದು ಸಾಲಿಗೆ ಹೋಯಿತು.

ಡನ್‌ಡಾಕ್‌ನಲ್ಲಿರುವ ಗೆಳೆಯ ಸತೀಶನಿಗೆ ಫೋನ್ ಮಾಡಿದೆ. ಅವನ ಮನೆಯಿಂದ ಗಡಿ ಕೂಗಳತೆ ದೂರ. ‘ಲೇ, ಯಾರೂ ಚೆಕ್ ಮಾಡಲ್ಲ ಕಣೋ. ಸುಮ್ನೆ ಹೋಗು, ಏನೂ ಆಗಲ್ಲ, ಗ್ರ್ಯಾಂಡ್ ಆಗಿರ್ತೀಯ,’ ಎಂದ. ‘ನೀನು ಹೋಗಿದೀಯಾ?’ ಎಂದೆ. ‘ನಾನ್ಯಾಕಪ್ಪ ಹೋಗ್ಲಿ, ವೀಸಾ ಇಲ್ದೆ?’ ಎಂದ.

ಬೇರೆ ಮನೆ ಹುಡುಕಿದೆವು. ಆಗಸ್ಟಿನ ಕೊನೆಯ ವಾರ. ದನದ ಕೊಟ್ಟಿಗೆಯನ್ನು ಮನೆ ಮಾಡಿದ್ದೂ ಖಾಲಿಯಿರಲಿಲ್ಲ. ಸುಮಾಳ ಕಣ್ಣಲ್ಲಿ ನೀರು ಬಂತು. ಸೆಪ್ಟೆಂಬರ್ ಮೊದಲ ವಾರ ಅತ್ತೆ ಊರಿಗೆ ಹೋಗುವವರು. ಅವರಿಗೆ ಕೊಡಬೇಕೆಂದಿದ್ದ ಒಂದೇ ಒಂದು ವಾರವನ್ನು ನಾನು ಕೈಯಾರೆ ಕೆಡಿಸಿದ್ದೆ. ಕೊನೆಗೆ ಅತ್ತೆಯೇ ತೀರ್ಪು ಕೊಟ್ಟರು: ‘ಸುಮಾ, ನಾವು ಮೂರು ಜನ ಆ ದಡ. ಅವರಿಗೆ ಈ ದಡದಲ್ಲಿ ಒಂದು ರೂಮು ನೋಡು.’

ಹಾಗೇ ಆಯಿತು. ಗಡಿಯ ಈಚೆಗಿರುವ ಬ್ಲ್ಯಾಕ್‌ಲಯನ್ ಎಂಬ ಪುಟ್ಟ ಊರಿನಲ್ಲಿ, ಸೇತುವೆಗೆ ಮುಂಚೆ, ಸುಮಾ ಕಾರು ನಿಲ್ಲಿಸಿದಳು. ನಾನು ನನ್ನ ಚೀಲ ಇಳಿಸಿಕೊಂಡೆ. ಕುಕ್ಕರು, ಸಾರಿನ ಪುಡಿ, ಉಪ್ಪಿನಕಾಯಿ, ನನ್ನ ಹೆಂಡತಿ, ಮಗಳು, ಎಲ್ಲವೂ ಸೇತುವೆ ದಾಟಿ ಇನ್ನೊಂದು ದೇಶಕ್ಕೆ ಹೋದವು. ಐವತ್ತು ಹೆಜ್ಜೆಯ ಸೇತುವೆ. ಇಂಚರ ಹಿಂದಿನ ಗಾಜಿನಿಂದ ಕೈಬೀಸಿದಳು. ನಾನು ರೂಮು ಕೊಟ್ಟ ಮುದುಕಿಯ ಮನೆಗೆ ಹೋಗಿ ಬ್ರೆಡ್ಡು ಸುಟ್ಟುಕೊಂಡು ತಿಂದೆ. ಅಲ್ಲಿನ ಅಲಾರಂ ಕೂಗಿತು.

ಮರುದಿನ ಮಧ್ಯಾಹ್ನ ಸುಮಾ, ಇಂಚರ ದೋಣಿ ಹತ್ತಲು ಹೊರಟರು. ಮಂಡಿನೋವಿಗೆ ದೋಣಿ ಆಗುವುದಿಲ್ಲವೆಂದು ಅತ್ತೆ ಹಿಂದೆ ಉಳಿದರು; ಸುಮಾ ಅವರನ್ನು ನನ್ನ ದಡಕ್ಕೆ ತಂದು, ನೀರಿನ ಪಕ್ಕದ ಬೆಂಚಿನ ಮೇಲೆ ಕೂರಿಸಿ ಹೋದಳು. ಅವರ ಕೈಯಲ್ಲಿ ನನಗೆಂದು ಚಿತ್ರಾನ್ನದ ಡಬ್ಬಿ. ಬೆಂಚಿನ ಒಂದು ತುದಿಗೆ ಅವರು, ಇನ್ನೊಂದು ತುದಿಗೆ ನಾನು. ನಡುವೆ ಮಾತು ದಾಟಿಸಲು ಯಾರೂ ಇಲ್ಲ.

ನಾನು ತಿಂದೆ. ಎದುರಿಗೆ ಎರಡು ಬಾತುಕೋಳಿ ಬಂದವು. ಅತ್ತೆ ಅವುಗಳ ಕಡೆ ತಿರುಗಿ, ‘ಚಿತ್ರಾನ್ನಕ್ಕೆ ಉಪ್ಪು ಸಾಕಾಗಿತ್ತೋ ಇಲ್ವೋ,’ ಎಂದರು.

ಬಾತುಕೋಳಿಗಳು ಸುಮ್ಮನಿದ್ದವು. ‘ಸರಿಯಾಗಿತ್ತು ಅತ್ತೆ,’ ಎಂದೆ.

ಅತ್ತೆ ನಕ್ಕರು. ಸೆರಗು ಬಾಯಿಗೆ ಹಿಡಿದು, ಭುಜ ಕುಲುಕುವಂತೆ ನಕ್ಕರು. ಅವರು ಹಾಗೆ ನಗುವುದನ್ನು ನಾನು ಕಂಡಿರಲಿಲ್ಲ. ಆಮೇಲೆ ನನ್ನನ್ನೇ ನೋಡಿ ಮಾತಾಡಿದರು.

‘ಜೋಗಕ್ಕೆ ಒಂಬತ್ತು ಸಲ ಹೋಗಿದ್ದೀನಿ ಅಳಿಯಂದ್ರೇ. ಜೋಗ ನೋಡಿಲ್ಲ.’

‘ಅದು ಹೇಗೆ?’

‘ಎಂಬತ್ತು ಹುಡುಗೀರು. ಕಟಾಂಜನದ ಹತ್ರ ಮಕ್ಕಳ ಕಡೆ ಮುಖ ಮಾಡಿ ನಿಲ್ಬೇಕು, ತಲೆ ಎಣಿಸ್ತಾ. ಜಲಪಾತ ನನ್ನ ಬೆನ್ನ ಹಿಂದೆ. ಸದ್ದು ಕೇಳ್ತಿತ್ತು, ಸೀರೆ ನೆನೀತಿತ್ತು. ತಿರುಗಿ ನೋಡೋಣ ಅನ್ನೋ ಹೊತ್ತಿಗೆ ಯಾವಳಿಗೋ ವಾಂತಿ, ಇನ್ಯಾವಳದೋ ಚಪ್ಪಲಿ ಕಿತ್ತೋಗಿರೋದು. ಒಂಬತ್ತು ಸಲವೂ ಅಷ್ಟೇ.’

ನಾನು ನಗಲು ಹೊರಟವನು ನಿಲ್ಲಿಸಿದೆ. ಏಕೆಂದರೆ ಅವರು ಮುಂದುವರಿಸಿದರು: ‘ನಿಮ್ಮ ಪಟ್ಟಿ ಚೆನ್ನಾಗಿತ್ತು. ಅದರಲ್ಲಿ ನನ್ನ ಹೆಸರು ಆರು ಕಡೆ ಇತ್ತು. ಆರೂ ಕಡೆ ಹೊಣೆ ಅನ್ನೋ ಕಾಲಮ್ಮಿನಲ್ಲಿ.’

ಅವರ ದನಿಯಲ್ಲಿ ಕೋಪವಿರಲಿಲ್ಲ. ಲೆಕ್ಕದ ತಪ್ಪು ತೋರಿಸುವ ಟೀಚರೊಬ್ಬರ ದನಿ. ನೆನಪಿಸಿಕೊಂಡೆ. ಬೆಳಗಿನ ತಿಂಡಿ, ಅತ್ತೆ. ಇಂಚರಳ ಸ್ನಾನ, ಅತ್ತೆ. ಒಗ್ಗರಣೆ, ಅತ್ತೆ. ಅವರನ್ನು ಸುಮ್ಮನೆ ಕೂರಿಸಲೆಂದೇ ಮಾಡಿದ ಪಟ್ಟಿಯಲ್ಲಿ ಅವರು ಕೂರುವುದಕ್ಕೆ ನಾನು ಒಂದು ಸಾಲನ್ನೂ ಇಟ್ಟಿರಲಿಲ್ಲ. ಅಲಾರಮ್ಮಿನ ದೂರ ಅಳೆಸಿದ್ದಾದರೂ ಯಾಕೆ? ರಜದಲ್ಲೂ ಅವರೇ ಒಗ್ಗರಣೆ ಹಾಕುತ್ತಾರೆಂದು. ನನಗೆ ನಿಜವಾಗಿಯೂ ನಾಚಿಕೆಯಾಯಿತು. ವಿಳಾಸ ತಪ್ಪಿದ್ದಕ್ಕೆ ಆದ ನಾಚಿಕೆ ಇದರ ಮುಂದೆ ಏನೂ ಅಲ್ಲ.

‘ತಪ್ಪಾಯ್ತು ಅತ್ತೆ,’ ಎಂದೆ.

‘ಬಿಡಿ. ಈಗ ನೀವು ಮಾತಾಡ್ಬೇಡಿ, ನಾನು ನೀರು ನೋಡ್ತೀನಿ,’ ಎಂದರು.

ಎರಡು ಗಂಟೆ ನೋಡಿದರು. ಮೋಡದ ನೆರಳು ನೀರಿನ ಮೇಲೆ ದಾಟಿ ಆ ದೇಶಕ್ಕೆ ಹೋಗುವುದನ್ನು, ಮಳೆ ಆ ದಡದಲ್ಲಿ ಬಿದ್ದು ಈಚೆಗೆ ಬರುವುದನ್ನು. ನಾನು ಅಂಗಡಿಯಿಂದ ಕಾಗದದ ಲೋಟದಲ್ಲಿ ಚಹಾ ತಂದುಕೊಟ್ಟೆ, ಕೊಡೆ ಹಿಡಿದೆ. ಅಷ್ಟೇ ನನ್ನ ಕೆಲಸ. ಮರುದಿನದಿಂದ ಆ ದಡದ ಅಡುಗೆ ಸುಮಾಳ ಪಾಲಿಗೆ ಹೋಯಿತು; ಮೂರು ದಿನ ಅವರು ಬರೀ ಬ್ರೆಡ್ಡು ತಿಂದರೆಂದು ಆಮೇಲೆ ತಿಳಿಯಿತು. ಅತ್ತೆ ಮಾತ್ರ ದಿನವೂ ಮಧ್ಯಾಹ್ನ ಸೇತುವೆ ದಾಟಿ ಬಂದು ಕೂತರು, ವಾರ ಮುಗಿಯುವವರೆಗೆ.

ಮೊನ್ನೆ ಕಾರು ಪಾಸಾಯಿತು, ವಾಸನೆ ಮಾತ್ರ ಹೋಗಿಲ್ಲ. ನನ್ನ ಪೌರತ್ವದ ಅರ್ಜಿಯೂ ಹೋದ ವರ್ಷ ಪಾಸಾಯಿತು, ಎರಡು ತಪ್ಪುಗಳ ಸಮೇತ. ಕಾರು ಪಾಸಾದ ಸಂಜೆಯೇ ಮೈಸೂರಿನಿಂದ ವಿಡಿಯೋ ಕಾಲ್ ಬಂತು. ಅತ್ತೆ ಮಂಡಿಗೆ ಆಪರೇಷನ್ ಮಾಡಿಸಿಕೊಂಡು, ಈಗ ಕೋಲಿಲ್ಲದೆ ಓಡಾಡುತ್ತಾರೆ. ಈ ಆಗಸ್ಟಿಗೆ ಬರುವ ಮನಸ್ಸಾಗಿದೆ. ಸುಮಾ ಫೋನ್ ಎತ್ತಿಕೊಂಡರೆ, ‘ನಿನಗಲ್ಲ, ಅಳಿಯಂದ್ರಿಗೆ ಕೊಡು,’ ಎಂದರು.

ವೀಸಾದ ಅರ್ಜಿ ತುಂಬುವವನು ಯಾವತ್ತೂ ನಾನೇ. ಹಳೆಯ ಮೂರು ಅರ್ಜಿಗಳನ್ನು ತೆರೆದಿಟ್ಟುಕೊಂಡೆ. ಬರುವ ಉದ್ದೇಶ ಎಂಬಲ್ಲಿ ನಾನೇ ಬರೆದದ್ದು ಹೀಗಿತ್ತು: ಮಗಳ ಹೆರಿಗೆ, ಮೊಮ್ಮಗಳ ಆರೈಕೆ, ಮೊಮ್ಮಗಳ ಆರೈಕೆ.

‘ಈ ಸಲ ಏನಂತ ಬರೀಲಿ ಅತ್ತೆ?’

ಅವರು ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡರು.

‘ಕೆಲಸ ಏನೂ ಇಲ್ಲ ಅಂತ ಬರೀರಿ,’ ಎಂದರು. ‘ನೀರು ನೋಡೋಕೆ ಬರ್ತಿದ್ದಾರೆ ಅಂತ ಬರೀರಿ. ಇಂಗ್ಲಿಷ್‌ನಲ್ಲಿ ಸರಿಯಾಗಿ ಬರೀರಿ, ನಾನು ಓದಿ ಸೈನ್ ಮಾಡ್ತೀನಿ.’