ರುಚಿ ನೋಡಿದ್ದು ಲೆಕ್ಕಕ್ಕಿಲ್ಲ

ಮಾಸಾನ್ ಊರಿನ ಮಾರುಕಟ್ಟೆಯಲ್ಲಿ ತಾಕ್ ಮಲ್‌ಸುಕ್‌ಳದು ಪಲ್ಯದಂಗಡಿ, ಪಕ್ಕದ್ದು ನನ್ನ ಉಪ್ಪುಮೀನಿನ ಅಂಗಡಿ. ಬೆಳಗ್ಗೆ ಐದಕ್ಕೆ ಬಂದರೆ ಹನ್ನೊಂದರೊಳಗೆ ಮೂವತ್ತು ಬಗೆ ಮಾಡಿ ಜೋಡಿಸಿಟ್ಟಿರುತ್ತಾಳೆ. ಅಂಥವಳಿಗೆ ಐವತ್ತಮೂರನೇ ವಯಸ್ಸಿನಲ್ಲಿ ದೇಹದಾರ್ಢ್ಯದ ಹುಚ್ಚು ಹಿಡಿಯಿತು. ಮೂಳೆ ಸವೆದಿದೆ, ಭಾರ ಎತ್ತು ಎಂದದ್ದು ಡಾಕ್ಟರು. ಸ್ಪರ್ಧೆಗೆ ನಿಲ್ಲುತ್ತೇನೆ ಎಂದದ್ದು ಇವಳೇ.

"ಅಂಗಡಿ ಆಯ್ತು, ಗಂಡ ಆಯ್ತು, ಅತ್ತೆ ಸೇವೆ ಆಯ್ತು. ಇದೊಂದು ನಂದು ಅಕ್ಕಾ," ಎಂದಳು.

ಎಂಟು ತಿಂಗಳು ಚೆನ್ನಾಗಿ ತಿಂದು, ಭಾರ ಎತ್ತಿ, ಮೈ ಬೆಳೆಸಿ ಐವತ್ತೆಂಟು ಕಿಲೋ ಆದಳು. ಐವತ್ತು ದಾಟಿದ ಹೆಂಗಸರಲ್ಲಿ ಅವಳು ಹೆಸರು ಕೊಟ್ಟಿದ್ದ ವಿಭಾಗಕ್ಕೆ ಐವತ್ತೈದು ಕಿಲೋ ಮಿತಿ. ಸ್ಪರ್ಧೆಗೆ ಉಳಿದದ್ದು ನಾಲ್ಕು ತಿಂಗಳು. ಕೂಡಿದ ಮಾಂಸಖಂಡ ಹೋಗಬಾರದು, ಕೊಬ್ಬು ಮಾತ್ರ ಇಳಿಯಬೇಕು.

ಜಿಮ್ಮಿನ ಮೇಷ್ಟ್ರು ದೊಹ್ಯನ್ ಅಂಗಡಿಗೇ ಬಂದು ಲೆಕ್ಕ ಹಾಕಿದ. ತೂಕವನ್ನು ಹತ್ತರಿಂದ, ಎತ್ತರವನ್ನು ಆರೂಕಾಲರಿಂದ ಗುಣಿಸಿ ಕೂಡಿಸಿದ. ವಯಸ್ಸಿನ ಐದು ಪಟ್ಟು ಕಳೆದ. ಆಮೇಲೆ ಇನ್ನೊಂದು ನೂರ ಅರವತ್ತೊಂದು ಕಳೆದ.

"ಅದ್ಯಾಕೆ?" ಎಂದೆ.

"ಹೆಂಗಸರಿಗೆ ಅಷ್ಟು ಕಳೀಬೇಕು ಅಮ್ಮಾ."

"ಥೂ, ಇದರಲ್ಲೂ ದಂಡ ನಮಗೇ!"

ಸುಮ್ಮನೆ ಮಲಗಿದ್ದರೂ ಮೈಗೆ ಬೇಕಾದದ್ದು ಸಾವಿರದ ನೂರ ಇಪ್ಪತ್ತೊಂಬತ್ತು ಕ್ಯಾಲೊರಿ. ದಿನವಿಡೀ ನಿಂತು ದುಡಿದು ಭಾರವನ್ನೂ ಎತ್ತುವವಳಿಗೆ ಸಾವಿರದ ಏಳುನೂರ ಐವತ್ತು. ಅದರಲ್ಲಿ ಮುನ್ನೂರ ಐವತ್ತು ಕಡಿತ ಮಾಡಿ, ದಿನಕ್ಕೆ ಸಾವಿರದ ನಾನೂರು ಎಂದು ಬರೆದುಕೊಟ್ಟ.

ಮಲ್‌ಸುಕ್ ಮಾತಿಗೆ ತಪ್ಪದವಳು. ಅನ್ನ, ಕೋಳಿ, ಮೊಟ್ಟೆ ಎಲ್ಲವನ್ನೂ ತೂಗಿಯೇ ತಿಂದಳು. ನಾಲ್ಕು ವಾರ ಕಳೆಯಿತು. ತೂಕದ ಮುಳ್ಳು ಅಲುಗಲಿಲ್ಲ. ದೊಹ್ಯನ್ ಇನ್ನೂ ಇನ್ನೂರು ಕಡಿಮೆ ಮಾಡಿದ. ಇವಳ ಮುಖ ಬಿಳಿಚಿಕೊಂಡಿತು. ಒಂದು ಬೆಳಗ್ಗೆ ಮೂಲಂಗಿ ಹೆಚ್ಚುತ್ತಾ ಮಣೆಯ ಮೇಲೇ ಅತ್ತಳು.

"ಮೈಯೇ ಹಿಂಗಿದೆ ಅಕ್ಕಾ. ಬಿಟ್ಬಿಡ್ತೀನಿ."

ಕಣ್ಣೊರೆಸಿಕೊಂಡು, ಕುದಿಯುತ್ತಿದ್ದ ಗೋಮಾಂಸದ ಪಾತ್ರೆಗೆ ಚಮಚ ಹಾಕಿ ಬಾಯಿಗಿಟ್ಟುಕೊಂಡಳು. ನಾನು ನೋಡುತ್ತಲೇ ಇದ್ದೆ.

"ಏನೇ ಅದು?"

"ಏನು?"

"ಈಗ ತಿಂದ್ಯಲ್ಲ!"

"ತಿಂದಿಲ್ಲ. ಉಪ್ಪು ನೋಡ್ದೆ."

"ಬಾಯಿಗೆ ಹೋಗಿದ್ದು ಹೊಟ್ಟೆಗೆ ಹೋಗಲ್ವೇನೇ, ಹೆಡ್ಡೀ?"

ಮರುದಿನ ಅವಳ ಮುಂದೆ ಒಂದು ಬಟ್ಟಲಿಟ್ಟೆ. ಬಾಯಿಗೊಂದು ಚಮಚ ಹೋದರೆ ಬಟ್ಟಲಿಗೂ ಅಷ್ಟೇ. ಎಳ್ಳೆಣ್ಣೆಯ ಸೊಪ್ಪು, ಸಕ್ಕರೆಪಾಕದ ಆಲೂಗಡ್ಡೆ, ಕರಿದ ತೋಫು, ಒಣಮೀನು. ಹನ್ನೊಂದಕ್ಕೆ ಬಟ್ಟಲು ತುಂಬಿತ್ತು. ದೊಹ್ಯನ್ ತೂಗಿ ನೋಡಿ ತಲೆ ಚಚ್ಚಿಕೊಂಡ. ನಾನೂರ ಇಪ್ಪತ್ತು ಕ್ಯಾಲೊರಿ! ಅವನು ಮೊದಲು ಕಳೆದ ಮುನ್ನೂರ ಐವತ್ತನ್ನೂ ಮೀರಿ ಇವಳು ನಿಂತಲ್ಲೇ ಕೂಡಿಸಿಕೊಂಡಿದ್ದಳು.

"ರುಚಿ ನೋಡಿ ಉಗೀರಿ," ಎಂದ.

"ನಾನ್ ಮಾಡಿದ್ದನ್ನ ನಾನೇ ಉಗಿದ್ರೆ ಊರೋರು ತಿಂತಾರಾ?"

ಸರಿ, ನಾನು ನೋಡುತ್ತೇನೆ ಎಂದು ಚಮಚ ಹಿಡಿದೆ. ಉಪ್ಪುಮೀನಿನವಳ ನಾಲಿಗೆ ನನ್ನದು. ಎಲ್ಲವೂ ಸಪ್ಪೆ ಅನ್ನಿಸಿತು. ಉಪ್ಪು ಹಾಕು, ಇನ್ನೂ ಹಾಕು ಎಂದೆ. ವಾರವಾಗುವಷ್ಟರಲ್ಲಿ ಒಬ್ಬರು ಅಜ್ಜಿ ಮೂಲಂಗಿಯ ಡಬ್ಬಿ ಹಿಡಿದು ವಾಪಸ್ ಬಂದರು. ಜಗಳಕ್ಕಲ್ಲ. ಮಲ್‌ಸುಕ್‌ಳ ಕೈ ಹಿಡಿದು, "ಉಪ್ಪು ಇಷ್ಟೊಂದು ತಪ್ಪಿದೆಯಲ್ಲ, ಮನೇಲಿ ಯಾರಾದ್ರೂ ಹೋಗ್ಬಿಟ್ರೇನಮ್ಮಾ?" ಎಂದು ಮೆಲ್ಲಗೆ ಕೇಳಿದರು. ನನಗೆ ನಾಚಿಕೆಯಿಂದ ಸಾಯುವಂತಾಯಿತು.

ಮಲ್‌ಸುಕ್ ನನ್ನ ಕೈಯಿಂದ ಚಮಚ ಕಿತ್ತುಕೊಂಡಳು. ದೊಹ್ಯನ್‌ಗೆ ಹೇಳಿದಳು: "ಮೇಷ್ಟ್ರೇ, ಮೊದಲಿನ ಸಾವಿರದ ನಾನೂರೇ ಇರ್ಲಿ. ಅದರಲ್ಲಿ ಈ ನಾನೂರ ಇಪ್ಪತ್ತನ್ನ ಮಧ್ಯಾಹ್ನದ ಊಟ ಅಂತ ಬರ್ಕೊಳ್ಳಿ. ಕೋಳಿ ಬೆಳಗ್ಗೆ, ಸಂಜೆ ಸಾಕು."

ಆಮೇಲೆ ವಾರವಾರವೂ ಮುಳ್ಳು ಇಳಿಯಿತು. ನಿಧಾನವಾಗಿ, ಆದರೆ ಇಳಿಯಿತು.

ಸ್ಪರ್ಧೆಯ ದಿನ ತೂಕಕ್ಕೆ ನಾನೂ ಜೊತೆಗೆ ಹೋಗಿದ್ದೆ. ಐವತ್ತನಾಲ್ಕು ಕಿಲೋ ಒಂಬೈನೂರು ಗ್ರಾಂ ಎಂದು ಕೂಗಿದರು. ನಾನು ಕಿರುಚಿದೆ, ಅವಳನ್ನು ತಬ್ಬಿಕೊಂಡೆ. ಅವಳು ಮಾತ್ರ ಪೆಚ್ಚಾಗಿ ಬೆಂಚಿನ ಮೇಲೆ ಕೂತಳು.

"ಏನಾಯ್ತೇ? ಗೆದ್ದಷ್ಟೇ ಸಂತೋಷ ಆಗ್ಬೇಕಲ್ವಾ?"

"ಆಗಿದೆ ಅಕ್ಕಾ. ಆದ್ರೆ ಇಪ್ಪತ್ಮೂರು ವರ್ಷ ದಿನಾ ಸಂಜೆ ಗಂಡನ ಮೇಲೆ ಕೂಗಾಡಿದೀನಿ, ನಾನು ಮಧ್ಯಾಹ್ನ ಒಂದಗುಳು ತಿಂದಿಲ್ಲ ಅಂತ. ಪಾಪ ಅವನು. ರುಚಿ ನೋಡ್ತಾ ನೋಡ್ತಾ ದಿನಾ ಒಂದೂಟ ಮಾಡ್ತಾನೇ ಇದ್ದೆ."

"ಊಟ ಅಂತೆ ಊಟ! ಕೂತ್ಕೊಂಡು ತಿನ್ನೇ ಅಂತ ಇಪ್ಪತ್ಮೂರು ವರ್ಷದಲ್ಲಿ ಒಂದಿನ ಅಂದಿದ್ನಾ ಅವನು?"

ಮಲ್‌ಸುಕ್ ಬೆರಳು ಮಡಿಚಿ ವರ್ಷಗಳನ್ನು ಎಣಿಸಿದಳು.

"ಇಲ್ಲ," ಎಂದು ಎದ್ದು ವೇದಿಕೆಯ ಕಡೆ ನಡೆದಳು.